ಹಳೆಯ ಯೆಜ್ಡಿ ಸ್ಟಾರ್ಟ್ ಆಗ್ತಿಲ್ವಾ? ‘ಎಥನಾಲ್ ನೀರಾಗಿದೆ’ ಅನ್ನೋ ಮೊದಲು ಇಷ್ಟು ನೋಡಿ

ಈ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇ20 ಪೆಟ್ರೋಲ್ ಹಾಕಿಸಿದ ಹಳೆಯ ಗಾಡಿ ಕೆಲವು ತಿಂಗಳು ನಿಂತರೆ ಟ್ಯಾಂಕಿನಲ್ಲಿರುವ ಎಥನಾಲ್ ಎಲ್ಲಾ ನೀರಾಗಿಬಿಡುತ್ತದೆ; ಹೆದರಬೇಡಿ, ಏರ್ ಫಿಲ್ಟರ್ ಬಿಚ್ಚಿ ಕಾರ್ಬುರೇಟರ್ ಬಾಯಿಗೆ ಸ್ವಲ್ಪ ಪೆಟ್ರೋಲ್ ಸುರಿದು ಕಿಕ್ ಹೊಡೆಯಿರಿ, ಒಂದೇ ಏಟಿಗೆ ಸ್ಟಾರ್ಟ್; ಹತ್ತು ಜನಕ್ಕೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ ಅನ್ನೋದು ಅದರ ಸಾರ.

ಇದರ ಮೊದಲ ಭಾಗ ಅರ್ಧ ಸತ್ಯ. ಎರಡನೇ ಭಾಗ ಮನೆ ಸುಡುವಂಥದ್ದು. ಎರಡನ್ನೂ ನಾವು ಒಂದೇ ದಿನ, ಒಂದೇ ಗಾಡಿಯ ಮೇಲೆ ಪ್ರಯೋಗವಾಗುವುದನ್ನು ನೋಡಿದೆವು. ಹಾಗಾಗಿ ಈ ಬಾರಿ ಫಾರ್ವರ್ಡ್ ಸುಳ್ಳೋ ನಿಜವೋ ಎಂದು ಒಂದು ಸಾಲಿನಲ್ಲಿ ಹೇಳಿ ಮುಗಿಸುವ ಬದಲು, ನಿಂತುಹೋದ ಹಳೆಯ ಪೆಟ್ರೋಲ್ ಎಂಜಿನ್ ಒಂದರ ರೋಗ ಹುಡುಕುವುದು ಹೇಗೆ ಎಂದೇ ಬರೆಯುತ್ತಿದ್ದೇವೆ.

ಸಂಕ್ರಾಂತಿಯ ದಿನ, ಗವಿಪುರಂನಲ್ಲಿ

ಸಂಕ್ರಾಂತಿಯ ಸಂಜೆ ಗವಿ ಗಂಗಾಧರೇಶ್ವರ ಗುಡಿಯ ಸುತ್ತ ಕಾಲಿಡಲು ಜಾಗ ಇರುವುದಿಲ್ಲ. ಗುಹೆಯೊಳಗಿನ ಲಿಂಗದ ಮೇಲೆ ಸೂರ್ಯನ ಬೆಳಕು ಬೀಳುವುದನ್ನು ನೋಡಲು ಊರೇ ಬಂದಿರುತ್ತದೆ. ನಮ್ಮ ತಂಡದ ಒಬ್ಬರ ಮನೆ ಅಲ್ಲೇ ಹತ್ತಿರದ ಬೀದಿಯಲ್ಲಿದೆ. ಪಕ್ಕದ ಮನೆಯ ಹಿರಿಯರದ್ದೊಂದು ಯೆಜ್ಡಿ 250. ಜುಲೈ ಎರಡನೇ ಭಾನುವಾರ ಬೆಂಗಳೂರಿನ ಜಾವಾ-ಯೆಜ್ಡಿ ಮಂದಿ ಸೇರುವ ದಿನ ಅದು ಹೊರಗೆ ಹೋಗಿ ಬಂದಿತ್ತು. ಬಂದ ಮೇಲೆ ಯಜಮಾನರು ಅದನ್ನು ಒರೆಸಿ, ಕ್ರೋಮ್ ಭಾಗಗಳಿಗೆಲ್ಲ ಪಾಲಿಶ್ ಹಚ್ಚಿ ಹೊಳೆಯಿಸಿ, ಶೆಡ್ಡಿನಲ್ಲಿ ನಿಲ್ಲಿಸಿದವರು ಮತ್ತೆ ಮುಟ್ಟಿದ್ದು ಜನವರಿಯಲ್ಲಿ. ಹಬ್ಬಕ್ಕೆ ಬಂದ ಅಳಿಯನಿಗೆ ಒಂದು ಸುತ್ತು ಹೊಡೆಯುವ ಆಸೆ.

ಯೆಜ್ಡಿ ಗೊತ್ತಿಲ್ಲದ ಚಿಕ್ಕ ವಯಸ್ಸಿನ ಓದುಗರಿಗೆ ಒಂದು ಮಾತು. ಇದು ನಮ್ಮ ಮೈಸೂರಿನ ಗಾಡಿ. ಜೆಕ್ ಕಂಪನಿ ಜಾವಾದ ವಿನ್ಯಾಸವನ್ನು ತಂದು ಐಡಿಯಲ್ ಜಾವಾ ಕಂಪನಿ 1961ರಿಂದ ಮೈಸೂರಿನಲ್ಲಿ ಬೈಕ್ ತಯಾರಿಸಿತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಕಿಕ್ಕರನ್ನೇ ಮಡಚಿ ಗೇರ್ ಲಿವರ್ ಮಾಡಿಕೊಳ್ಳುವ ಜಾಣತನ. ಟೂ-ಸ್ಟ್ರೋಕ್ ಎಂಜಿನ್ ಆದ್ದರಿಂದ ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಹಾಕಬೇಕು. ಪೆಟ್ರೋಲಿನ ಜೊತೆ ಹೋದ ಆಯಿಲೇ ಎಂಜಿನ್ನಿನ ಒಳಭಾಗವನ್ನು ಸವೆಯದಂತೆ ಕಾಯುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅವತ್ತು ನಲವತ್ತು ಕಿಕ್ ಆದರೂ ಗಾಡಿ ಕೆಮ್ಮಲೂ ಇಲ್ಲ. ಅಳಿಯ ಫೋನ್ ತೆಗೆದು ಫಾರ್ವರ್ಡ್ ಓದಿದ. ಬೀದಿಯಲ್ಲಿ ಜನ, ಹಾಗಾಗಿ ಶೆಡ್ಡಿನ ಬಾಗಿಲು ಮುಕ್ಕಾಲು ಮುಚ್ಚಿತ್ತು. ಸ್ಟೀಲ್ ಲೋಟದಲ್ಲಿ ಪೆಟ್ರೋಲ್ ತಂದು ಕಾರ್ಬುರೇಟರ್ ಬಾಯಿಗೆ ಸುರಿದ. ಒಳಗೆ ಹೋದದ್ದು ಒಂದು ಚಮಚ, ನೆಲಕ್ಕೆ ಬಿದ್ದದ್ದು ಉಳಿದದ್ದೆಲ್ಲ. ಅದು ಹರಿದುಕೊಂಡು ಶೆಡ್ಡಿನ ಮೂಲೆಯ ಸಂಪಿನ ಮುಚ್ಚಳದವರೆಗೂ ಹೋಯಿತು. ಅಷ್ಟು ಹೊತ್ತಿಗೆ ಗೋಡೆಯ ಮೇಲಿನ ಪ್ಯಾನೆಲ್ ‘ಟಕ್’ ಎಂದಿತು. ಓವರ್‌ಹೆಡ್ ಟ್ಯಾಂಕ್ ಖಾಲಿಯಾಗಿ ನೀರಿನ ಮೋಟರ್ ತಾನೇ ಆನ್ ಆಗಿತ್ತು.

ಏನೂ ಆಗಲಿಲ್ಲ. ಯಜಮಾನರು ಮಾತ್ರ ಎಲ್ಲರನ್ನೂ ಗದರಿಸಿ ಹೊರಗೆ ಕಳಿಸಿ ಬಾಗಿಲನ್ನು ಪೂರ್ತಿ ತೆರೆದರು. ಅವರು ಹೆದರಿದ್ದು ಯಾಕೆ ಎಂದು ಅಳಿಯನಿಗೆ ತಕ್ಷಣ ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಪೂರ್ತಿ ಆಗಿರಲಿಲ್ಲ.

ದೋಣಿಯವರು ಮೊದಲು ಕಲಿಯುವ ಪಾಠ

ಸಮುದ್ರವಿಲ್ಲದ ಊರಲ್ಲಿ ದೋಣಿಯ ಮಾತೇಕೆ ಅನ್ನಬೇಡಿ. ಪೆಟ್ರೋಲ್ ಆವಿ ಎಷ್ಟು ಅಪಾಯ ಎನ್ನುವುದನ್ನು ಚೆನ್ನಾಗಿ ಬಲ್ಲವರು ಹಳೆಯ ಹಾಯಿದೋಣಿಗಳ ಮಾಲೀಕರು. ಅಮೆರಿಕದಲ್ಲಿ 1947ರಿಂದ 1980ರ ದಶಕದ ಮಧ್ಯದವರೆಗೆ ‘ಅಟಾಮಿಕ್ 4’ ಎಂಬ ಪುಟ್ಟ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಸಾವಿರಾರು ಹಾಯಿದೋಣಿಗಳ ಹೊಟ್ಟೆಯೊಳಗೆ ಕೂತಿತು. ಇಂದಿಗೂ ಹಲವು ಓಡುತ್ತಿವೆ. ಅಲ್ಲಿ ಪೆಟ್ರೋಲ್ ಎಂಜಿನ್ ಇರುವ ದೋಣಿಗಳ ಎಚ್ಚರಿಕೆ ಫಲಕದಲ್ಲಿ ಒಂದು ಮಾತು ಇರುತ್ತದೆ: ಸ್ಟಾರ್ಟ್ ಮಾಡುವ ಮೊದಲು 4 ನಿಮಿಷ ಬ್ಲೋವರ್ ಫ್ಯಾನ್ ಓಡಿಸಿ.

ಕಾರಣ ಸರಳ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಅಡುಗೆ ಮನೆಯ ಹೊಗೆಯ ಹಾಗೆ ಮೇಲೆ ಹೋಗಿ ಕಿಟಕಿಯಿಂದ ಆಚೆ ಹೋಗುವುದಿಲ್ಲ. ನೀರಿನ ಹಾಗೆ ಕೆಳಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ದೋಣಿಯಲ್ಲಿ ಆ ತಗ್ಗು ಎಂದರೆ ತಳದ ಗುಂಡಿ. ಬೆಂಗಳೂರಿನ ಮನೆಯಲ್ಲಿ? ಸಂಪು. ಹಳೆಯ ಬಸವನಗುಡಿ, ಗವಿಪುರಂ, ಚಾಮರಾಜಪೇಟೆಯ ಎಷ್ಟೋ ಮನೆಗಳಲ್ಲಿ ಗಾಡಿ ನಿಲ್ಲುವ ಜಾಗದ ಅಡಿಯಲ್ಲೇ ಸಂಪು, ಅದರ ಪಕ್ಕದಲ್ಲೇ ಮೋಟರ್, ಮೇಲೆ ಅದರ ಸ್ವಿಚ್ಚು. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇ 1.4ರಷ್ಟು ಸೇರಿದರೆ ಸಾಕು, ಹೊತ್ತಿಕೊಳ್ಳಲು ಒಂದು ಕಿಡಿ ಮಾತ್ರ ಬೇಕು. ಸ್ವಿಚ್ ಬೀಳುವಾಗ ಬರುವ ಸಣ್ಣ ಕಿಡಿಯೇ ಧಾರಾಳ.

ಇಲ್ಲಿ ಇನ್ನೊಂದು ಜನಪ್ರಿಯ ಫಾರ್ವರ್ಡ್ ನೆನಪಾಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕ್ ಫುಲ್ ಮಾಡಿಸಿದರೆ ಸ್ಫೋಟ ಆಗುತ್ತದೆ ಎಂದು ಇಂಡಿಯನ್ ಆಯಿಲ್ ಹೆಸರಿನಲ್ಲಿ ಪ್ರತಿ ಏಪ್ರಿಲ್‌ಗೆ ಬರುತ್ತದಲ್ಲ, ಅದು. ಆ ಎಚ್ಚರಿಕೆ ತನ್ನದಲ್ಲ ಎಂದು ಕಂಪನಿಯೇ ಹೇಳಿದೆ. ಬರೀ ಬಿಸಿಗೇ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳಬೇಕಾದರೆ 250 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬೇಕು. ರಾಯಚೂರಿನ ಮೇ ತಿಂಗಳೂ ಅಲ್ಲಿಗೆ ತಲುಪುವುದಿಲ್ಲ. ಆದರೆ ಕಿಡಿ ಇದ್ದರೆ ಕಥೆ ಬೇರೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲ್ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಜನ ಬಿಸಿಲಿಗೆ ಹೆದರುತ್ತಾರೆ, ಶೆಡ್ಡಿನ ಸ್ವಿಚ್ಚಿಗೆ ಹೆದರುವುದಿಲ್ಲ.

ಹಾಗಾಗಿ ಕೆಳಗಿನ ಯಾವುದನ್ನೇ ಮಾಡುವ ಮೊದಲು ಗಾಡಿಯನ್ನು ತಳ್ಳಿಕೊಂಡು ಬಯಲಿಗೆ ತನ್ನಿ. ಇಷ್ಟು ಮಾಡಿದರೆ ಅಪಾಯದ ಬಹುಪಾಲು ಹೋಯಿತು.

ಪ್ಲಗ್ ಬಿಚ್ಚಿ ನೋಡಿ, ಅದೇ ಹೇಳುತ್ತದೆ

ಗಾಡಿಯನ್ನು ಬೀದಿಗೆ ತಂದ ಮೇಲೆ ಯಜಮಾನರು ಚಾಮರಾಜಪೇಟೆಯ ತಮ್ಮ ಹಳೆಯ ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ಆತ ಕೇಳಿದ್ದು ಎರಡೇ ಪ್ರಶ್ನೆ. ಹಾರ್ನ್ ಬರ್ತದಾ? ಪ್ಲಗ್ ಒದ್ದೆನೋ ಒಣಗಿದೆಯೋ?

ಈ ಎರಡು ಪ್ರಶ್ನೆಯಲ್ಲಿ ಅರ್ಧ ಶಾಸ್ತ್ರವಿದೆ. ಪೆಟ್ರೋಲ್ ಎಂಜಿನ್ ಓಡಲು ಬೇಕಾದ್ದು ಗಾಳಿ ಬೆರೆತ ಇಂಧನ, ಅದನ್ನು ಒತ್ತುವ ಕಂಪ್ರೆಷನ್, ಸರಿಯಾದ ಹೊತ್ತಿಗೆ ಒಂದು ಕಿಡಿ. ನಿನ್ನೆವರೆಗೂ ಚೆನ್ನಾಗಿ ಓಡಿ ಆಮೇಲೆ ಬರೀ ನಿಂತಿದ್ದ ಗಾಡಿಯಲ್ಲಿ ಕಂಪ್ರೆಷನ್ ಏಕಾಏಕಿ ಹೋಗುವುದು ಅಪರೂಪ. ಕಿಕ್ಕರ್ ಮೊದಲಿನಷ್ಟೇ ಗಟ್ಟಿಯಾಗಿ ಎದುರು ಒತ್ತುತ್ತಿದ್ದರೆ ಅದನ್ನು ಸದ್ಯಕ್ಕೆ ಮರೆಯಬಹುದು. ಉಳಿದದ್ದು ಇಂಧನ ಮತ್ತು ಕಿಡಿ.

ಹಾರ್ನ್ ಕೇಳಿದ್ದು ಕಿಡಿಗಾಗಿ. ಬ್ಯಾಟರಿಯಿಂದ ಇಗ್ನಿಷನ್ ಕಾಯಿಲ್‌ಗೆ ಕರೆಂಟ್ ಹೋಗುವ ಗಾಡಿಗಳಲ್ಲಿ ಬ್ಯಾಟರಿ ಸತ್ತರೆ ಕಿಡಿಯೂ ಸತ್ತಂತೆ. ಲೆಡ್-ಆಸಿಡ್ ಬ್ಯಾಟರಿ ಸುಮ್ಮನೆ ಕೂತರೂ ನಿಧಾನವಾಗಿ ಖಾಲಿಯಾಗುತ್ತದೆ. ಆರು ತಿಂಗಳು ಎಂದರೆ ಅದಕ್ಕೆ ದೊಡ್ಡ ಉಪವಾಸ. ಹಾರ್ನ್ ದನಿ ಕ್ಷೀಣಿಸಿದ್ದರೆ ಕಾರ್ಬುರೇಟರ್ ಬಿಚ್ಚುವ ಮೊದಲು ಬ್ಯಾಟರಿ ಚಾರ್ಜ್ ಮಾಡಿಸಿ. ಅವತ್ತು ಹಾರ್ನ್ ಬೀದಿಯಲ್ಲಿದ್ದ ಭಕ್ತರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಬಂತು.

ಎರಡನೇ ಪ್ರಶ್ನೆ ಇನ್ನೂ ಚೆನ್ನಾಗಿದೆ. ಹತ್ತಾರು ಕಿಕ್ ಹೊಡೆದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ, ಅದು ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಇಂಧನ ಸಿಲಿಂಡರಿನವರೆಗೆ ಬರುತ್ತಿದೆ, ಕಿಡಿಯ ಕಡೆ ನೋಡಿ. ಮೂಳೆಯಂತೆ ಒಣಗಿದ್ದರೆ ಇಂಧನ ದಾರಿಯಲ್ಲೇ ಎಲ್ಲೋ ನಿಂತಿದೆ, ಕಿಡಿಯನ್ನು ಬಿಟ್ಟು ಟ್ಯಾಂಕಿನಿಂದ ಶುರು ಮಾಡಿ. ಹಳೆಯ ಸ್ಕೂಟರ್ ಇರಲಿ, ಪದ್ಮಿನಿ ಕಾರಿರಲಿ, ಆಗಲೇ ಹೇಳಿದ ದೋಣಿಯಿರಲಿ, ಈ ಕವಲು ಒಂದೇ.

ಕಿಡಿ ಪರೀಕ್ಷಿಸುವಾಗ ಒಂದು ಎಚ್ಚರ. ಬಿಚ್ಚಿದ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆಯುವುದು ವಾಡಿಕೆ. ಪ್ಲಗ್ಗಿನ ತೂತಿನಿಂದ ಆ ಕ್ಷಣದಲ್ಲಿ ಪೆಟ್ರೋಲ್ ಆವಿ ಬುಸ್ ಎಂದು ಹೊರಗೆ ಬರುತ್ತದೆ. ಅದರ ಪಕ್ಕದಲ್ಲೇ ಕಿಡಿ ಹಾರಿಸಿದರೆ ನೀವೇ ಬೆಂಕಿಕಡ್ಡಿ ಗೀರಿದ ಹಾಗೆ. ತೂತಿನಿಂದ ಸಾಕಷ್ಟು ದೂರ ಹಿಡಿಯಿರಿ, ತೂತಿಗೆ ಬಟ್ಟೆ ಮುಚ್ಚಿ. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿದರೆ ಬೀಳುವ ಶಾಕ್‌ಗೆ ಮುಂದಿನ ಸಂಕ್ರಾಂತಿವರೆಗೂ ನೆನಪಿರುತ್ತದೆ, ಇಕ್ಕಳ ಬಳಸಿ.

ನಮ್ಮ ಯೆಜ್ಡಿಯ ಪ್ಲಗ್ ಒಣಗಿತ್ತು. ಟ್ಯಾಂಕಿನಡಿಯ ಕಾಕ್ ತೆರೆದಿತ್ತು, ಪೈಪ್ ಕಳಚಿದರೆ ಪೆಟ್ರೋಲ್ ಬರುತ್ತಿತ್ತು. ಅಂದರೆ ತಡೆ ಕಾರ್ಬುರೇಟರ್ ಒಳಗೆ.

ಎಥನಾಲ್ ನಿಜಕ್ಕೂ ನೀರಾಗುತ್ತದೆಯೇ?

ಕಾರ್ಬುರೇಟರಿನ ಕೆಳಗಿನ ಬಟ್ಟಲು ಬಿಚ್ಚಿದಾಗ ಕಂಡದ್ದು ನೀರಲ್ಲ. ಬೆಲ್ಲದ ಪಾಕ ತಳ ಹಿಡಿದಂಥ ಕಂದು ಅಂಟು. ಪೆಟ್ರೋಲ್ ಒಂದೇ ವಸ್ತುವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಬೆರಕೆ. ನಿಂತಾಗ ಅದರಲ್ಲಿರುವ ಹಗುರ ಭಾಗ ಮೊದಲು ಆವಿಯಾಗಿ ಹೋಗುತ್ತದೆ. ತಣ್ಣಗಿನ ಎಂಜಿನ್ ಹೊತ್ತಿಕೊಳ್ಳಲು ಬೇಕಾದದ್ದೇ ಆ ಹಗುರ ಭಾಗ. ಉಳಿದದ್ದರಲ್ಲಿ ಕೆಲವು ಗಾಳಿಯ ಆಮ್ಲಜನಕದ ಜೊತೆ ಸೇರಿ ಅಂಟಾಗುತ್ತವೆ. ದೊಡ್ಡ ಟ್ಯಾಂಕಿನಲ್ಲಿ ಇದು ನಿಧಾನ. ಬಟ್ಟಲಿನಲ್ಲಿರುವುದು ಒಂದು ಕಾಫಿ ಲೋಟದಷ್ಟೂ ಇಲ್ಲದ ಪೆಟ್ರೋಲ್, ಅಲ್ಲಿ ಬೇಗ. ಇದು ಎಥನಾಲ್ ಬರುವುದಕ್ಕೂ ಮೊದಲಿದ್ದ ಕಾಯಿಲೆ. ನಿಮ್ಮ ತಾತನ ಲ್ಯಾಂಬ್ರೆಟಾಗೂ ಬರುತ್ತಿತ್ತು.

ಪೆಟ್ರೋಲ್ ಹಾಯುವ ಜೆಟ್ ಎಂಬ ಹಿತ್ತಾಳೆ ತೂತು ಎಷ್ಟು ಸಣ್ಣದು ಎಂದರೆ, ದೊಡ್ಡ ಜೆಟ್ಟೇ ಸುಮಾರು ಒಂದು ಮಿಲಿಮೀಟರ್. ಐಡ್ಲಿಂಗಿಗೆ, ಸ್ಟಾರ್ಟಿಂಗಿಗೆ ಬೇಕಾದ ಚಿಕ್ಕ ಜೆಟ್ ಅದರ ಅರ್ಧ. ಅಂಟಿನ ಒಂದು ಪದರ ಸಾಕು. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದು, ಸೈಕಲ್ ಪಂಪಿನಿಂದ ಊದಿ, ಬೆಳಕಿಗೆ ಹಿಡಿದು ತೂತು ದುಂಡಗೆ ಕಾಣುತ್ತದಾ ನೋಡಿದರೆ ಮುಗಿಯಿತು. ಪಿನ್ನು, ಸೂಜಿ ಹಾಕಿ ಕೆರೆಯಬೇಡಿ. ಹಿತ್ತಾಳೆ ಮೆದು, ತೂತು ದೊಡ್ಡದಾದರೆ ಮೈಲೇಜ್ ಹೋಗುತ್ತದೆ.

ಈಗ ಎಥನಾಲ್ ವಿಚಾರ. ಇ20 ಎಂದರೆ ನೂರು ಭಾಗದಲ್ಲಿ 20 ಭಾಗ ಎಥನಾಲ್. ದೇಶದಲ್ಲಿ ಇದರ ಮಾರಾಟಕ್ಕೆ ಚಾಲನೆ ಸಿಕ್ಕಿದ್ದೂ ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು, ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಎಥನಾಲ್ ನೀರಾಗುವುದಿಲ್ಲ, ಆದರೆ ನೀರನ್ನು ಹೀರಿಕೊಳ್ಳುತ್ತದೆ. ಬರೀ ಪೆಟ್ರೋಲಿನಲ್ಲಿ ನೀರು ಸೇರುವುದೇ ಇಲ್ಲ ಎನ್ನಬಹುದು, ಬಿದ್ದ ಹನಿ ತಳದಲ್ಲಿ ಬೇರೆಯಾಗಿ ಕೂರುತ್ತದೆ. ಶೇ 10 ಎಥನಾಲ್ ಇರುವ ಪೆಟ್ರೋಲ್ ಲೀಟರಿಗೆ ಸುಮಾರು 5 ಮಿಲಿ ನೀರನ್ನು ತನ್ನೊಳಗೆ ಕರಗಿಸಿಕೊಂಡು ಏನೂ ಆಗದಂತೆ ಓಡಿಸಬಲ್ಲದು. ಶೇ 20 ಆದರೆ ಇನ್ನೂ ಹೆಚ್ಚು. ಆ ಮಿತಿ ದಾಟಿದಾಗ ಮಾತ್ರ ತೊಂದರೆ: ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲಿನಿಂದ ಕಳಚಿಕೊಂಡು ತಳಕ್ಕೆ ಇಳಿಯುತ್ತವೆ.

ಮುಚ್ಚಿದ ಟ್ಯಾಂಕಿಗೆ ಬರೀ ಗಾಳಿಯ ತೇವದಿಂದ ಅಷ್ಟು ನೀರು ಬರುವುದು ಕಷ್ಟ. ಮಳೆಗೆ ನೆನೆಯುವಂತೆ ನಿಲ್ಲಿಸಿದ್ದರೆ, ಮುಚ್ಚಳದ ವಾಷರ್ ಹೋಗಿದ್ದರೆ, ಪೈಪ್ ಹಿಡಿದು ತೊಳೆದಿದ್ದರೆ ಬರುತ್ತದೆ. ಬಂದರೆ ಟೂ-ಸ್ಟ್ರೋಕ್ ಗಾಡಿಗೆ ಅದು ಸ್ಟಾರ್ಟ್ ಆಗದಿರುವುದಕ್ಕಿಂತ ದೊಡ್ಡ ಅಪಾಯ. ನೆನಪಿದೆಯಲ್ಲ, ಆಯಿಲ್ ಪೆಟ್ರೋಲಿನಲ್ಲಿ ಬೆರೆತಿರುತ್ತದೆ. ಪದರ ಬೇರೆಯಾದಾಗ ಆಯಿಲ್ ಮೇಲಿನ ಪೆಟ್ರೋಲಿನ ಜೊತೆಯೇ ಉಳಿಯುತ್ತದೆ. ಕಾಕ್ ಎಳೆಯುವುದು ತಳದಿಂದ. ಅಂದರೆ ಎಂಜಿನ್ನಿಗೆ ಆಯಿಲ್ ಇಲ್ಲದ ನೀರು-ಎಥನಾಲ್. ಹೇಗೋ ಸ್ಟಾರ್ಟ್ ಆಗಿ ಓಡಿದರೂ ಪಿಸ್ಟನ್ ಸೀಜ್ ಆಗಬಹುದು. ಆದ್ದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯ ಕಾಕ್ ಕೆಳಗೆ ಗಾಜಿನ ಸೀಸೆ ಹಿಡಿದು ಕಾಲು ಲೀಟರ್ ಇಳಿಸಿ, ಹತ್ತು ನಿಮಿಷ ಬಿಟ್ಟು ನೋಡಿ. ಎರಡು ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಒಂದೇ ಪದರವಾಗಿ ತಿಳಿಯಾಗಿದ್ದರೆ ಎಥನಾಲ್ ಮೇಲಿನ ಆರೋಪ ಕೈಬಿಡಿ.

ಸೀಸೆಯ ಮಾತು ಬಂತು, ಒಂದು ವೈರಲ್ ವೀಡಿಯೊ ಬಗ್ಗೆಯೂ ಹೇಳಿಬಿಡುತ್ತೇವೆ. ಬಂಕ್‌ನ ಪೆಟ್ರೋಲಿಗೆ ಸ್ವಲ್ಪ ನೀರು ಹಾಕಿ ಕುಲುಕಿದರೆ ತಳದಲ್ಲಿ ಹಾಕಿದ್ದಕ್ಕಿಂತ ಮೂರು ಪಟ್ಟು ‘ನೀರು’ ಕಾಣುತ್ತದೆ, ನೋಡಿ ಮೋಸ ಎನ್ನುತ್ತಾರೆ. 100 ಮಿಲಿ ಇ20ಗೆ 10 ಮಿಲಿ ನೀರು ಹಾಕಿದರೆ ಅದರಲ್ಲಿರುವ 20 ಮಿಲಿ ಎಥನಾಲಿನ ಬಹುಪಾಲು ನೀರಿನ ಜೊತೆ ತಳ ಸೇರುತ್ತದೆ, ಕೆಳಗಿನ ಪದರ 30 ಮಿಲಿಯ ಹತ್ತಿರ ಬರುತ್ತದೆ. ಅದು ಮೋಸ ಅಲ್ಲ, ಇ20ರಲ್ಲಿ ಇರಬೇಕಾದಷ್ಟು ಎಥನಾಲ್ ಇದೆ ಎನ್ನುವುದಕ್ಕೆ ಪುರಾವೆ.

ಹಾಗಾದರೆ ಇ20ಯಿಂದ ಹಳೆಯ ಗಾಡಿಗೆ ಏನೂ ತೊಂದರೆ ಇಲ್ಲವಾ? ಇದೆ, ಅದನ್ನೂ ಮುಚ್ಚಿಡಬಾರದು. ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಷ್ಟೇ ಶಕ್ತಿ, ಆದ್ದರಿಂದ ಇ20ರಲ್ಲಿ ಶೇ 6–7ರಷ್ಟು ಶಕ್ತಿ ಕಡಿಮೆ. ಸೆನ್ಸರ್ ಇಲ್ಲದ ಕಾರ್ಬುರೇಟರಿಗೆ ಈ ಬದಲಾವಣೆ ಗೊತ್ತಾಗುವುದಿಲ್ಲ, ಮಿಶ್ರಣ ಸ್ವಲ್ಪ ತೆಳುವಾಗಿ ಎಂಜಿನ್ ಹೆಚ್ಚು ಬಿಸಿಯಾಗಬಹುದು. ಹಳೆಯ ರಬ್ಬರ್ ಪೈಪ್, ವಾಷರ್ ಉಬ್ಬುತ್ತವೆ, ಬಿರಿಯುತ್ತವೆ. ದಶಕಗಳಿಂದ ಟ್ಯಾಂಕಿಗೆ ಅಂಟಿದ್ದ ಕೊಳೆ ಎಥನಾಲಿಗೆ ಸಡಿಲವಾಗಿ ಹರಿದು ಬಂದು ಜೆಟ್ಟಿಗೆ ಸಿಕ್ಕುತ್ತದೆ. ಪೈಪ್ ಮತ್ತು ವಾಷರ್ ಎಥನಾಲ್ ತಡೆಯುವಂಥದ್ದನ್ನು ಹಾಕಿಸಿ, ಟ್ಯಾಂಕಿನ ಕೆಳಗೊಂದು ಫಿಲ್ಟರ್ ಕೂರಿಸಿ. ಜೆ.ಸಿ. ರಸ್ತೆಯಲ್ಲಿ ಎರಡಕ್ಕೂ ದೊಡ್ಡ ಖರ್ಚಿಲ್ಲ.

ಸ್ಟಾರ್ಟ್ ಆಯಿತು, ಆಮೇಲೆ ನಿಂತಿತು

ಜೆಟ್ ತೊಳೆದು, ಹಳೆಯ ಪೆಟ್ರೋಲ್ ಇಳಿಸಿ, ಕ್ಯಾನಿನಲ್ಲಿದ್ದ ಹೊಸದಕ್ಕೆ ಆಯಿಲ್ ಬೆರೆಸಿ ಒಂದು ಲೀಟರ್ ಹಾಕಿದಾಗ ಯೆಜ್ಡಿ ಎರಡನೇ ಕಿಕ್‌ಗೆ ಎದ್ದಿತು. ಬೀದಿ ತುಂಬಾ ನೀಲಿ ಹೊಗೆ. ಅಳಿಯ ನೇರ ಬಂಕಿಗೆ ಹೋಗಿ ಆಯಿಲ್ ಸೇರಿಸಿ ಟ್ಯಾಂಕ್ ಫುಲ್ ಮಾಡಿಸಿದ. ವಾಪಸ್ ಬರುತ್ತಾ ಬುಲ್ ಟೆಂಪಲ್ ರಸ್ತೆಯಲ್ಲಿ ಗಾಡಿ ನಿಂತಿತು. ಹತ್ತು ನಿಮಿಷ ಕಾದ ಮೇಲೆ ಸ್ಟಾರ್ಟ್ ಆಯಿತು, ಇನ್ನೊಂದು ಸ್ವಲ್ಪ ದೂರಕ್ಕೆ ಮತ್ತೆ ನಿಂತಿತು. ಫೋನಿನಲ್ಲಿ ಅವನ ಮೊದಲ ಮಾತು: ನಾನು ಹೇಳಲಿಲ್ವಾ, ಇ20!

ನಮಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಹೊಸ ಪೆಟ್ರೋಲ್ ಹಾಕಿಸುವವರೆಗೆ ಚೆನ್ನಾಗಿತ್ತು, ಹಾಕಿಸಿದ ಮೇಲೆ ಕೆಟ್ಟಿತು. ಇದಕ್ಕಿಂತ ಸಾಕ್ಷಿ ಬೇಕಾ?

ಸ್ವಲ್ಪ ಓಡಿ ನಿಲ್ಲುವ, ಕಾದರೆ ಮತ್ತೆ ಓಡುವ ಈ ಕಾಯಿಲೆಗೆ ಹಳೆಯ ಗಾಡಿಗಳಲ್ಲಿ ಮುಖ್ಯವಾಗಿ ಇಬ್ಬರು ಅಪರಾಧಿಗಳು. ನೋಡಲು ಅವಳಿಗಳ ಹಾಗೆ.

ಒಬ್ಬ ಕಂಡೆನ್ಸರ್. ಪಾಯಿಂಟ್ ಇರುವ ಹಳೆಯ ಇಗ್ನಿಷನ್‌ನಲ್ಲಿ ಪಾಯಿಂಟ್‌ಗಳ ಪಕ್ಕ ಕೂರುವ, ಬೆರಳಿನ ತುದಿಯಷ್ಟು ದಪ್ಪದ ಡಬ್ಬಿ. ವಯಸ್ಸಾದ ಕಂಡೆನ್ಸರ್ ತಣ್ಣಗಿದ್ದಾಗ ಕೆಲಸ ಮಾಡುತ್ತದೆ, ಎಂಜಿನ್ ಬಿಸಿಯಾದಾಗ ಕೈಕೊಡುತ್ತದೆ, ಕಿಡಿ ಕ್ಷೀಣಿಸಿ ಗಾಡಿ ನಿಲ್ಲುತ್ತದೆ. ತಣಿದ ಮೇಲೆ ಮತ್ತೆ ಸರಿ. ಇಗ್ನಿಷನ್ ಕಾಯಿಲ್ಲಿಗೂ ಇದೇ ಚಾಳಿ ಇದೆ. ಪಾಯಿಂಟ್ ಕಪ್ಪಗಾಗಿದ್ದರೆ ಗಟ್ಟಿ ಕಾಗದದ ಚೂರನ್ನು ನಡುವೆ ಎಳೆದು ಒರೆಸಿ, ಅಂತರ ಸುಮಾರು 0.4 ಮಿಲಿಮೀಟರ್ ಇದೆಯಾ ನೋಡುವುದು ವಾಡಿಕೆ. ಆದರೆ ಕಂಡೆನ್ಸರ್ ಹೋಗಿದ್ದರೆ ಒರೆಸಿದ ಪಾಯಿಂಟ್ ನಾಲ್ಕು ದಿನಕ್ಕೆ ಮತ್ತೆ ಸುಟ್ಟಿರುತ್ತದೆ.

ಇನ್ನೊಬ್ಬ ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಅದರಲ್ಲೊಂದು ಗಾಳಿ ಹೋಗುವ ಸಣ್ಣ ದಾರಿ ಇರುತ್ತದೆ. ಪೆಟ್ರೋಲ್ ಕೆಳಗೆ ಇಳಿದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ದಾರಿ ಮುಚ್ಚಿದರೆ ಟ್ಯಾಂಕಿನೊಳಗೆ ಒತ್ತಡ ಕುಸಿದು ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ಬಾಯಿಗೆ ಬೆರಳಿಟ್ಟು ಮುಚ್ಚಿದ ಸ್ಟ್ರಾದಿಂದ ಎಳನೀರು ಕೆಳಗೆ ಬೀಳದ ಹಾಗೆ. ಕಾದರೆ ಎಲ್ಲಿಂದಲೋ ಗಾಳಿ ನುಸುಳಿ ಮತ್ತೆ ಸ್ವಲ್ಪ ಓಡುತ್ತದೆ.

ಇಲ್ಲಿರುವ ಮಜಾ ನೋಡಿ. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದು ಗಾಳಿ ಹೆಚ್ಚಿದ್ದರೆ, ಆ ಗಾಳಿ ಹಿಗ್ಗಿಕೊಂಡು ಬಹಳ ಹೊತ್ತು ನಿಭಾಯಿಸುತ್ತದೆ. ಟ್ಯಾಂಕ್ ಫುಲ್ ಇದ್ದರೆ ಒಳಗಿರುವ ಗಾಳಿ ಬೊಗಸೆಯಷ್ಟು, ಸ್ವಲ್ಪ ಪೆಟ್ರೋಲ್ ಇಳಿಯುವಷ್ಟರಲ್ಲೇ ಒತ್ತಡ ಬಿದ್ದುಹೋಗುತ್ತದೆ. ಅಂದರೆ ಮುಚ್ಚಳದ ದೋಷ ಎದ್ದು ಕಾಣುವುದೇ ಟ್ಯಾಂಕ್ ಫುಲ್ ಮಾಡಿಸಿದ ಮೇಲೆ. ಬೈಯಿಸಿಕೊಳ್ಳುವುದು ಬಂಕ್‌ನವರು.

ಅವಳಿಗಳನ್ನು ಬೇರೆ ಮಾಡುವ ಪರೀಕ್ಷೆಗೆ ಹತ್ತು ಸೆಕೆಂಡು ಸಾಕು. ಗಾಡಿ ನಿಂತ ತಕ್ಷಣ, ಕಾಯದೆ, ಮುಚ್ಚಳ ತೆರೆದು ಮುಚ್ಚಿ. ಬಿಸಿ ಎಂಜಿನ್ ಪಕ್ಕ ಪೆಟ್ರೋಲ್ ಚೆಲ್ಲದ ಹಾಗೆ ನಿಧಾನವಾಗಿ. ಸುಸ್ ಎಂದು ಗಾಳಿ ಎಳೆದುಕೊಂಡು, ಸ್ವಲ್ಪದರಲ್ಲೇ ಸ್ಟಾರ್ಟ್ ಆದರೆ ಮುಚ್ಚಳ. ಆಗದಿದ್ದರೆ ಬಿಸಿ ಇರುವಾಗಲೇ ಕಿಡಿ ನೋಡಿ, ತಣಿದ ಮೇಲೆ ನೋಡಿದರೆ ಕಂಡೆನ್ಸರ್ ಸಜ್ಜನನ ಹಾಗೆ ನಟಿಸುತ್ತದೆ. ಹತ್ತು ನಿಮಿಷ ಕಾಯುವುದೇ ಇಲ್ಲಿ ತಪ್ಪು, ಕಾದರೆ ಎರಡೂ ಗುಣವಾಗಿ ಸಾಕ್ಷಿ ಅಳಿಸಿಹೋಗುತ್ತದೆ.

ಬುಲ್ ಟೆಂಪಲ್ ರಸ್ತೆಯಲ್ಲಿ ಮುಚ್ಚಳ ತೆರೆದಾಗ ಸುಸ್ ಎಂದಿತು. ಜುಲೈಯಲ್ಲಿ ಮುತುವರ್ಜಿಯಿಂದ ಹಚ್ಚಿದ್ದ ಕ್ರೋಮ್ ಪಾಲಿಶ್ ಒಣಗಿ ಗಾಳಿಯ ದಾರಿಗೆ ಬಿರಡೆಯಾಗಿತ್ತು.

ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರಿಗೆ ಮೂರನೇ ಅಪರಾಧಿಯೂ ಇದೆ. ಆ ಕಾರುಗಳಲ್ಲಿ ಪೆಟ್ರೋಲ್ ಪಂಪ್ ಎಂಜಿನ್ ಮೈಗೇ ಅಂಟಿಕೊಂಡಿರುತ್ತದೆ. ಘಾಟಿ ಹತ್ತುವಾಗ ಪಂಪ್ ಬಿಸಿಯಾಗಿ ಪೆಟ್ರೋಲ್ ಒಳಗೇ ಗುಳ್ಳೆಯಾಗುತ್ತದೆ, ಪಂಪ್ ಆವಿಯನ್ನು ಎಳೆಯಲಾರದೆ ಸೋಲುತ್ತದೆ. ಚಾರ್ಮಾಡಿ, ಆಗುಂಬೆಯಲ್ಲಿ ಹಳೆಯ ಡ್ರೈವರ್‌ಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರಲ್ಲ, ಅದು ಮೂಢನಂಬಿಕೆಯಲ್ಲ. ಬಟ್ಟೆಯ ನೀರು ಆವಿಯಾಗುತ್ತಾ ಪಂಪನ್ನು ತಣಿಸುತ್ತದೆ. ಎಲ್ಲ ಮನೆಮದ್ದೂ ಸುಳ್ಳಲ್ಲ.

ಆಸ್ಪತ್ರೆಗೆ ಕಳಿಸುವ ಎರಡು ಅಭ್ಯಾಸ

ಒಂದು, ಪೈಪ್ ಬಾಯಿಗಿಟ್ಟು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವುದು. ಹೊಟ್ಟೆಗೆ ಹೋದದ್ದಕ್ಕಿಂತ ಶ್ವಾಸಕೋಶಕ್ಕೆ ಹೋದ ಕೆಲವು ಹನಿ ಹೆಚ್ಚು ಕೆಟ್ಟದ್ದು. ಪೆಟ್ರೋಲ್ ತೆಳುವಾಗಿ ಹರಡಿ ರಾಸಾಯನಿಕ ನ್ಯುಮೋನಿಯಾ ತರುತ್ತದೆ. ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಮೇಲೆ ಬರುವಾಗ ಮತ್ತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೆಮ್ಮು ಇರಲಿ, ಇಲ್ಲದಿರಲಿ, ಆಸ್ಪತ್ರೆಗೆ ಕರೆದೊಯ್ಯಿರಿ. ಕೈಪಂಪ್ ಇರುವ ಸೈಫನ್ ಅಗ್ಗಕ್ಕೆ ಸಿಗುತ್ತದೆ. ಇಲ್ಲವೇ ಕಾಕ್‌ನಿಂದ ಇಳಿಸಿ.

ಎರಡು, ಸ್ಟಾರ್ಟ್ ಆದ ಖುಷಿಯಲ್ಲಿ ಶೆಡ್ಡಿನೊಳಗೇ ‘ಹತ್ತು ನಿಮಿಷ ಓಡಲಿ, ಬ್ಯಾಟರಿ ಚಾರ್ಜ್ ಆಗಲಿ’ ಎಂದು ಬಿಡುವುದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಬಂದಾಗ ‘ಹೊಗೆಗೆ ಹೀಗಾಯ್ತು’ ಎಂದು ಕೂತವರು ಏಳದೇ ಹೋಗಬಹುದು. ಹಳೆಯ ಮನೆಗಳಲ್ಲಿ ಶೆಡ್ಡಿನ ಪಕ್ಕದ ಕಿಟಕಿ ಮಲಗುವ ಕೋಣೆಯದ್ದಾಗಿದ್ದರೆ ಒಳಗಿರುವವರಿಗೂ ಅಪಾಯ. ಬಾಗಿಲು ತೆರೆದಿದ್ದರೆ ಸಾಲದು, ಗಾಡಿಯೇ ಹೊರಗಿರಬೇಕು.

ಮತ್ತೆ ನಿಲ್ಲಿಸುವಾಗ

ಒಂದು ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಾದರೆ, ಬಯಲಿನಲ್ಲಿ ಎಂಜಿನ್ ಓಡುತ್ತಿರುವಾಗಲೇ ಪೆಟ್ರೋಲ್ ಕಾಕ್ ಮುಚ್ಚಿ. ಬಟ್ಟಲಿನಲ್ಲಿರುವುದು ಮುಗಿದು ತಾನೇ ನಿಲ್ಲುತ್ತದೆ, ಅಂಟು ಹಿಡಿಯಲು ಏನೂ ಉಳಿಯುವುದಿಲ್ಲ. ಬ್ಯಾಟರಿಯ ಒಂದು ವಯರ್ ಕಳಚಿಡಿ. ವರ್ಷಗಟ್ಟಲೆ ನಿಂತ ಗಾಡಿಗೆ ಮೊದಲ ದಿನವೇ ಜೋರಾಗಿ ಕಿಕ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ ನಾಲ್ಕು ಹನಿ ಎಂಜಿನ್ ಆಯಿಲ್ ಬಿಟ್ಟು, ಒಂದು ರಾತ್ರಿ ಬಿಟ್ಟು, ಕೈಯಿಂದ ನಿಧಾನವಾಗಿ ತಿರುಗಿಸಿ. ತುಕ್ಕಿಗೆ ಹಿಡಿದುಕೊಂಡ ಪಿಸ್ಟನ್ ರಿಂಗ್ ಮುರಿದರೆ ಬಿಲ್ ಬೇರೆಯೇ ಬರುತ್ತದೆ.

ಇಳಿಸಿದ ಹಳೆಯ ಪೆಟ್ರೋಲ್ ಬಗ್ಗೆ ಎಲ್ಲರೂ ಕೊನೆಗೆ ಕೇಳುತ್ತಾರೆ. ಚರಂಡಿಗೆ ಸುರಿಯಬೇಡಿ. ಗವಿಪುರಂನ ಚರಂಡಿ ನೀರು ಕೆಂಪಾಂಬುಧಿ ಕೆರೆಯ ಕಡೆಗೇ ಇಳಿಯುವ ಇಳಿಜಾರಿನದ್ದು. ಪೆಟ್ರೋಲ್ ಆವಿ ಚರಂಡಿಯ ತಗ್ಗಿನಲ್ಲೂ ಸಂಪಿನಲ್ಲಿ ನಿಂತ ಹಾಗೆಯೇ ನಿಲ್ಲುತ್ತದೆ. ಮುಚ್ಚಳ ಬಿಗಿಯಾದ ಲೋಹದ ಕ್ಯಾನಿನಲ್ಲಿ ಹಾಕಿ ಮೆಕ್ಯಾನಿಕ್ ಬಳಿ ಕೊಡಿ. ಯಜಮಾನರು ತಮ್ಮದನ್ನು ಚಾಮರಾಜಪೇಟೆಗೆ ಕಳಿಸಿದ್ದು ಮರುದಿನ, ಅದೇ ಯೆಜ್ಡಿಯ ಹಿಂದೆ ಕಟ್ಟಿಕೊಂಡು ಅಳಿಯನೇ ಹೋದ. ಮುಚ್ಚಳ ಒರೆಸಿದ ಮೇಲೆ ಗಾಡಿ ಎಲ್ಲೂ ನಿಲ್ಲಲಿಲ್ಲ.